ಐದು ಭರಣಿಗಳ ಕಾವಲು

ಫೆಬ್ರವರಿ 11

ಮಗನನ್ನು ಇವತ್ತು ಮನೆಗೆ ಕರೆತಂದೆವು. ಕುಡಿತ ಬಿಡಿಸುವ ಆಸ್ಪತ್ರೆಯಲ್ಲಿ ನಲವತ್ತು ದಿನ ಇದ್ದ. ಹೋಗುವಾಗ ಇಬ್ಬರು ಎತ್ತಿಕೊಂಡು ಹೋಗಿದ್ದರು, ಬರುವಾಗ ತಾನೇ ನಡೆದು ಬಂದ. ಅಷ್ಟು ಲಾಭ.

ಬರುವಾಗ ಅಲ್ಲಿಯ ನರ್ಸು ಈ ನೋಟುಬುಕ್ಕು ಕೊಟ್ಟಳು. "ಅಜ್ಜಿ, ದಿನಾ ಅನ್ನಿಸಿದ್ದು ಬರೀರಿ. ಯಾರಿಗೂ ತೋರಿಸೋದು ಬೇಡ. ಮನಸ್ಸು ಹಗುರ ಆಗುತ್ತೆ" ಅಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಹಳ್ಳಿ ಶಾಲೆ, ಅದೂ ಮಾಸ್ತರು ಬಂದ ದಿನ ಮಾತ್ರ. "ನಾನು ಬರೀತಾ ಕೂತರೆ ಅಡುಗೆ ಮಾಡೋಕೆ ನೀನು ಬರ್ತೀಯಾ?" ಅಂದೆ. ಹಲ್ಲು ಬಿಟ್ಟಳು. ಪುಕ್ಕಟೆ ಬಂದ ಪುಸ್ತಕ ಬಿಡುವುದೇಕೆ ಅಂತ ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಕಾಲಿಟ್ಟ ಗಳಿಗೆಯಿಂದ ಮುದುಕನ ಜೊತೆ ಜಗಳ. ಮುದುಕ ಅಂದರೆ ನನ್ನ ಗಂಡ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಅಂಗಡಿ ಮುಚ್ಚಿದ ಮೇಲೆ ಬೆರಳು ಸುಮ್ಮನಿರಲಾರದೆ ಹಿತ್ತಲ ಗೋಡೆಯುದ್ದಕ್ಕೂ ಹನ್ನೆರಡು ದ್ರಾಕ್ಷಿ ಬಳ್ಳಿ ನೆಟ್ಟ. ತಿನ್ನುವ ದ್ರಾಕ್ಷಿಯಾದರೂ ನೆಟ್ಟನೇ? ಇಲ್ಲ. ವೈನ್ ಮಾಡುವ ಜಾತಿ. ಕಡಲೆಯಷ್ಟು ಹಣ್ಣು, ಅದರ ತುಂಬ ಬೀಜ, ಚಪ್ಪಲಿಯಂಥ ಸಿಪ್ಪೆ. ವರ್ಷಕ್ಕೆ ಐದು ಗಾಜಿನ ಭರಣಿ ವೈನ್ ಆಗುತ್ತದೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸಾಲಾಗಿ ಇಟ್ಟಿದ್ದಾನೆ. ಕುಡಿಯುತ್ತಾನೋ ಎಂದರೆ ಅದೂ ಇಲ್ಲ. ವರ್ಷಕ್ಕೊಮ್ಮೆ ಬಾಟಲಿಗೆ ತುಂಬಿಸುವಾಗ ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಾನೆ, ಹಳೇ ಗಡಿಯಾರದ ಟಿಕ್‌ಟಿಕ್ ಕೇಳಿಸಿಕೊಂಡ ಹಾಗೆ. ಆಮೇಲೆ ಊರಿಗೆಲ್ಲ ಹಂಚುತ್ತಾನೆ.

"ಮೊದಲು ಅದನ್ನು ಚರಂಡಿಗೆ ಸುರೀರಿ" ಅಂದೆ.

"ಒಂದು ವರ್ಷದ ಕೆಲಸ ಕಣೇ."

"ಮೂವತ್ತೆಂಟು ವರ್ಷದ ಮಗ ಕಣ್ರೀ."

ಕೊನೆಗೆ ಕೋಣೆಗೆ ಬೀಗ ಹಾಕಿ ಕೀಲಿ ನನ್ನ ಕೈಗೆ ಕೊಟ್ಟ. "ಇಷ್ಟು ಅನುಮಾನ ಇದ್ದರೆ ನೀನೇ ಕಾಯಿ. ನಾನೂ ಮುಟ್ಟಲ್ಲ, ಸೆಪ್ಟೆಂಬರಿನಲ್ಲಿ ಬಾಟಲಿಗೆ ತುಂಬುವಾಗ ತೆಗೆದುಕೊಡು ಸಾಕು." ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಸ್ನಾನಕ್ಕೂ ತೆಗೆಯುವುದಿಲ್ಲ.

ಫೆಬ್ರವರಿ 14

ಸೊಸೆ ಫೋನು ಮಾಡಿದಳು. ಮಗನ ಜೊತೆ ಅಲ್ಲ, ನನ್ನ ಜೊತೆ ಮಾತು. ನೇರ ಹೆಂಗಸು, ನನಗೆ ಅವಳ ಮೇಲೆ ಸಿಟ್ಟಿಲ್ಲ. ಆಸ್ಪತ್ರೆ ಸೇರುವ ಮೊದಲು ಒಂದು ದಿನ ಮೊಮ್ಮಗಳು ಗುಬ್ಬಿಯನ್ನು ಶಾಲೆಯಿಂದ ಕರೆತರಲು ಹೋದ ಮಗ ದಾರಿಯಲ್ಲಿ ಹೆಂಡದಂಗಡಿಯ ಮುಂದೆ ಅವಳನ್ನು ನಿಲ್ಲಿಸಿ, ಒಳಗೆ ಕುಡಿದು, ಹಿಂದಿನ ಬಾಗಿಲಿನಿಂದ ಮನೆಗೆ ಬಂದು ಮಲಗಿದ. ಆರು ವರ್ಷದ ಮಗು ಕತ್ತಲಾಗುವವರೆಗೆ ನಿಂತಲ್ಲೇ ನಿಂತಿತ್ತು. ಅಪ್ಪ ನಿಲ್ಲು ಅಂದಿದ್ದನಲ್ಲ. ಅವತ್ತೇ ಸೊಸೆ ಮಗುವನ್ನು ಕರೆದುಕೊಂಡು ಬೇರೆ ಮನೆ ಮಾಡಿದಳು. ನಾನಾಗಿದ್ದರೆ ಅವನ ಕಾಲು ಮುರಿದು ಹೋಗುತ್ತಿದ್ದೆ.

"ಅತ್ತೆ, ನಿಮ್ಮ ದ್ರಾಕ್ಷಿ ಕೊಯ್ಲಿನ ತನಕ ನೋಡ್ತೀನಿ. ಅಲ್ಲಿವರೆಗೆ ಒಂದು ತೊಟ್ಟೂ ಮುಟ್ಟದೆ ಇದ್ದರೆ ಅವತ್ತು ಗುಬ್ಬೀನ ಕರ್ಕೊಂಡು ಬರ್ತೀನಿ. ಸರಿ ಅನ್ನಿಸಿದರೆ ಅವರನ್ನೂ ಮನೆಗೆ ಕರ್ಕೊಂಡು ಹೋಗ್ತೀನಿ. ಮುಟ್ಟಿದರೆ ಮುಗೀತು, ಮತ್ತೆ ಕೇಳಬೇಡಿ."

"ನಾನಿದ್ದೀನಿ, ಮುಟ್ಟಿಸಲ್ಲ" ಅಂದೆ.

ಮಗನಿಗೆ ಹೇಳಿದೆ. ಗೋಡೆ ನೋಡುತ್ತ ಕೂತಿದ್ದ. ಬಡಗಿ ಅವನು, ಒಳ್ಳೆಯ ಬಡಗಿ. ಈಗ ಉಳಿ ಕೈಗೆ ಕೊಟ್ಟರೆ ಉಳಿಯೇ ನಡುಗುತ್ತದೆ. "ಹೂಂ" ಅಂದ.

ಫೆಬ್ರವರಿ 23

ಬಳ್ಳಿ ಸವರುವ ಕಾಲ. ಮುದುಕನಿಗೆ ಮಂಡಿ ಮಡಿಸಲು ಬರುವುದಿಲ್ಲ, ಕತ್ತರಿ ಮಗನ ಕೈಗೆ ಕೊಟ್ಟ. ತಾನು ಕುರ್ಚಿ ಹಾಕಿಕೊಂಡು ಕೂತು ಅಪ್ಪಣೆ. "ಎರಡು ಕಣ್ಣು ಬಿಟ್ಟು ಮಿಕ್ಕಿದ್ದು ಕತ್ತರಿಸು." ಕಣ್ಣು ಅಂದರೆ ಕಡ್ಡಿಯ ಮೇಲಿನ ಮೊಗ್ಗಿನ ಗಂಟು.

"ಇಷ್ಟೊಂದು ಕತ್ತರಿಸಿದರೆ ಬದುಕುತ್ತಾ ಅಪ್ಪ?"

"ಬಿಟ್ಟರೆ ಬರೀ ಎಲೆ."

ಆಳುದ್ದದ ಬಳ್ಳಿಯೆಲ್ಲ ಹೋಗಿ ಗೋಡೆಗೆ ಹನ್ನೆರಡು ಮೋಟು ಉಳಿದವು. ನೋಡಿದರೆ ಯಾರೋ ಸೇಡು ತೀರಿಸಿಕೊಂಡ ಹಾಗಿತ್ತು. ಆದರೆ ಅಪ್ಪ ಮಗ ಮೂರು ಗಂಟೆ ಕೂಗಾಡದೆ ಮಾತಾಡಿದ್ದು ನನ್ನ ನೆನಪಿನಲ್ಲಿ ಇದೇ ಮೊದಲು. ಮಧ್ಯಾಹ್ನ ಮಗ ಎರಡು ಸಲ ಬಡಿಸಿಕೊಂಡ.

ಮಾರ್ಚ್ 3

ಇವತ್ತು ಅವನು ಶಿಳ್ಳೆ ಹಾಕಿದ. ಹಿಂದೆಲ್ಲ ಶಿಳ್ಳೆ ಹಾಕುತ್ತಿದ್ದುದು ಹೊಟ್ಟೆಗೆ ಬಿದ್ದಾಗ ಮಾತ್ರ.

ಕೋಣೆಗೆ ಹೋಗಿ ನೋಡಿದೆ. ಬೀಗ ಸರಿಯಾಗಿದೆ. ಭರಣಿಗಳು ಕುತ್ತಿಗೆಯವರೆಗೆ ತುಂಬಿವೆ. ಹಾಗೇ ತುಂಬಿರಬೇಕಂತೆ, ಮೇಲೆ ಗಾಳಿ ನಿಂತರೆ ವೈನ್ ಹುಳಿಯುತ್ತದಂತೆ, ಮುದುಕನ ಶಾಸ್ತ್ರ. ಪ್ರತಿ ಭರಣಿಯ ಕುತ್ತಿಗೆಗೂ ವೈನ್ ನಿಂತ ಮಟ್ಟಕ್ಕೆ ಕೆಂಪು ದಾರ ಕಟ್ಟಿದೆ. ಕಡಿಮೆಯಾದರೆ ತಿಳಿಯಲಿ ಅಂತ.

ಕಟ್ಟಿ ಮುಗಿಸಿದ ಮೇಲೆ ನನ್ನ ಬುದ್ಧಿಗೆ ನಾನೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು ಅನ್ನಿಸಿತು. ಕುಡುಕ ಕುಡಿದು ಸುಮ್ಮನಿರುತ್ತಾನೆಯೇ? ನೀರು ತುಂಬಿಸಿಡುತ್ತಾನೆ. ಸೊಸೆಯ ಮನೆಯಲ್ಲಿ ಅದನ್ನೇ ಮಾಡಿದ್ದ. ಬೀಗ ಅವನಿಗೆ ಯಾವ ಲೆಕ್ಕ, ಬಡಗಿ, ಬಾಗಿಲ ತಿರುಪು ಬಿಚ್ಚಿದರೆ ಆಯಿತು. ದಾರಕ್ಕೆ ನೀರು ಗೊತ್ತಾಗುತ್ತದೆಯೇ? ನಾಲಿಗೆಗೇ ಗೊತ್ತಾಗಬೇಕು.

ಅರವತ್ತೇಳು ವರ್ಷ ಮುಟ್ಟದ್ದನ್ನು ಇವತ್ತು ಮುಟ್ಟಿದೆ. ಒಂದೊಂದು ಭರಣಿಯಿಂದ ಒಂದೊಂದು ಚಮಚ. ಥೂ. ತುಕ್ಕು ಮೊಳೆ ನೆಕ್ಕಿದ ಹಾಗೆ. ಐದನ್ನೂ ಉಗಿದು ಬಾಯಿ ಮುಕ್ಕಳಿಸಿದೆ. ಇದಕ್ಕಾಗಿ ಹೆಂಡತಿ ಮಗುವನ್ನು ಬಿಟ್ಟನಲ್ಲ, ಅವನ ನಾಲಿಗೆ ಸುಡ.

ಮಾರ್ಚ್ 10

ದಿನಾ ನೋಡಬೇಕಾಗುತ್ತದೆ. ವಾರಕ್ಕೊಮ್ಮೆ ನೋಡಿದರೆ ಹಿಂದಿನ ರುಚಿ ಮರೆತಿರುತ್ತದೆ, ಹೋಲಿಸುವುದು ಹೇಗೆ? ಈಗ ಕಣ್ಣು ಮುಚ್ಚಿದರೂ ಭರಣಿ ಭರಣಿಯ ಗುರುತು ಹತ್ತುತ್ತದೆ. ಮೊದಲನೆಯದು ಒಗರು. ಎರಡು, ನಾಲ್ಕು ಒಂದೇ ತಾಯಿಯ ಮಕ್ಕಳು. ಐದು ಹುಳಿಮುಖದ್ದು, ನನ್ನ ನಾದಿನಿಯ ಹಾಗೆ. ಮೂರನೆಯದು ಮಾತ್ರ ಪರವಾಗಿಲ್ಲ, ಮಾತಾಡಿಸಬಹುದು.

ಉಗಿಯುವುದು ಬಿಟ್ಟಿದ್ದೇನೆ. ನೆಲದ ಮೇಲೆ ಕಲೆ ಬೀಳುತ್ತದೆ, ಮುದುಕ ಮಗನನ್ನು ಅನುಮಾನಿಸುತ್ತಾನೆ.

ಮಾರ್ಚ್ 24

ಸವರಿದ ತುದಿಗಳಿಂದ ನೀರು ತೊಟ್ಟಿಕ್ಕುತ್ತಿದೆ. ಬಿಸಿಲು ಏರಿದಾಗ ಬೇರು ನೀರು ಮೇಲಕ್ಕೆ ತಳ್ಳುತ್ತದಂತೆ, ಗಾಯ ಇನ್ನೂ ಹಸಿ, ಹೊರಕ್ಕೆ ಬರುತ್ತದೆ. ಮಗ ಬೆಳಿಗ್ಗೆಯೆಲ್ಲ ಅದನ್ನೇ ನೋಡುತ್ತ ನಿಂತಿದ್ದ.

"ಏನೋ, ನೀನೂ ಬಳ್ಳಿಯಾದೆಯಾ?" ಅಂದೆ.

"ಆಸ್ಪತ್ರೆಯಲ್ಲಿ ಮೊದಲ ವಾರ ನಾನೂ ಹೀಗೇ ಇದ್ದೆ ಅಮ್ಮ. ಎಲ್ಲಿಂದ ಬರುತ್ತೆ ಅಂತಲೇ ಗೊತ್ತಾಗ್ತಿರಲಿಲ್ಲ, ಸುಮ್ಮನೆ ಸುರೀತಿತ್ತು."

"ಬಾ, ಗಂಜಿ ಆರುತ್ತೆ" ಅಂದೆ. ಆಮೇಲೆ ಭರಣಿ ನೋಡಲು ಹೋದೆ. ಚಮಚ ಸಿಗಲಿಲ್ಲ, ಔಷಧಿ ಕುಡಿಯುವ ಪುಟ್ಟ ಲೋಟದಲ್ಲಿ ನೋಡಿದೆ. ಲೋಟದಲ್ಲೇ ಬಣ್ಣವೂ ತಿಳಿಯುತ್ತದೆ, ಒಳ್ಳೆಯದೇ ಆಯಿತು.

ಏಪ್ರಿಲ್ 17

ಒಂದು ಯೋಚನೆ ಹತ್ತಿಕೊಂಡಿದೆ. ರುಚಿ ನೋಡಿ ನೋಡಿ ವೈನ್ ದಾರಕ್ಕಿಂತ ಒಂದು ಬೆರಳು ಕೆಳಗೆ ಇಳಿದಿದೆ. ಮೂರನೆಯದು ಎರಡು ಬೆರಳು. ಮುದುಕ ಕಂಡರೆ ಪಾಪದ ಹುಡುಗನ ತಲೆಗೆ ಕಟ್ಟುತ್ತಾನೆ. ಅವನೋ ಈಗ ದಿನಾ ಮರದ ಮಿಲ್ಲಿಗೆ ಹೋಗಿ ಕೆಲಸ ಕೇಳುತ್ತಿದ್ದಾನೆ. ಇಂಥ ಹೊತ್ತಿನಲ್ಲಿ ಅವನ ಮೇಲೆ ಸುಳ್ಳು ಆಪಾದನೆ ಬಂದರೆ ಯಾರಿಗೆ ನಷ್ಟ?

ನೀರು ಕುದಿಸಿ ಆರಿಸಿ ದಾರದವರೆಗೆ ತುಂಬಿಸಿದೆ. ಮಗನಿಗೋಸ್ಕರ ಇಷ್ಟೂ ಮಾಡದಿದ್ದರೆ ತಾಯಿ ಯಾತಕ್ಕೆ?

ಮೇ 6

ಮಗನಿಗೆ ಕೆಲಸ ಸಿಕ್ಕಿತು! ಬಾಗಿಲು ಕಿಟಕಿ ಮಾಡುವ ಶೆಡ್ಡು. ಮೇಸ್ತ್ರಿ ಮೊದಲ ದಿನ ಅವನ ಕೈಯನ್ನೇ ನೋಡುತ್ತಿದ್ದನಂತೆ. "ನಡುಗುತ್ತಾ ಅಂತ ನೋಡಿದರು. ನಡುಗಲಿಲ್ಲ ಅಮ್ಮ" ಅಂದ. ಹೇಳುವಾಗ ಸ್ವರ ನಡುಗಿತು.

ಬಿಡುವಿನಲ್ಲಿ ಗುಬ್ಬಿಗೆ ಒಂದು ಮೆಟ್ಟಿಲು ಮಣೆ ಮಾಡುತ್ತಿದ್ದಾನೆ, ಅದರ ಮೇಲೆ ನಿಂತರೆ ಗೊಂಚಲು ಕೈಗೆ ಎಟುಕುತ್ತದೆ. ಅಂಚನ್ನೆಲ್ಲ ಉಜ್ಜಿ ಉಜ್ಜಿ ಸೋಪಿನಷ್ಟು ನುಣುಪು ಮಾಡಿದ್ದಾನೆ. ಬಳ್ಳಿಯ ಚಿಗುರು ಗೇಣುದ್ದ ಬಂದಿದೆ, ಸಾಸಿವೆಯಷ್ಟು ಹಸಿರು ಗೊಂಚಲೂ ಕಾಣುತ್ತಿದೆ.

ಈ ಸಂಜೆ ಮನಸ್ಸು ಎಷ್ಟು ಹಗುರ. ನರ್ಸು ಹೇಳಿದ್ದು ನಿಜ, ಬರೆದರೆ ಹಗುರವಾಗುತ್ತದೆ.

ಜೂನ್ 2

ಬಳ್ಳಿ ಹೂ ಬಿಟ್ಟಿದೆ. ಹೂ ಅನ್ನುವುದಕ್ಕೂ ನಾಚಿಕೆಯಾಗಬೇಕು, ಹಸಿರು ಹೊಟ್ಟು. ಆದರೆ ವಾಸನೆ ಹಿತವಾಗಿದೆ. ಮಧ್ಯಾಹ್ನ ಅದರ ಬುಡದಲ್ಲೇ ಕೂತು ನಿದ್ದೆ ಹೋಗಿದ್ದೆ. ಎದ್ದಾಗ ಮುದುಕ ಮೇಲೆ ಕೊಡೆ ಹಿಡಿದು ನಿಂತಿದ್ದ.

"ವಯಸ್ಸಾಯಿತು ನಿನಗೆ" ಅಂದ.

"ನಿಮಗೆ ಇಳೀತಾ ಇದೆಯಾ?" ಅಂದೆ.

ಹಲ್ಲು ನೋಯುತ್ತದೆ ಅಂತ ಲವಂಗ ಅಗಿಯಲು ಶುರು ಮಾಡಿದ್ದೇನೆ. ಬಾಯಿಗೆ ಒಳ್ಳೆಯದು.

ಜೂನ್ 19

ಐದೂ ಭರಣಿ ನೋಡುವುದಕ್ಕೆ ಮೊದಲು ಐದು ನಿಮಿಷ ಸಾಕಾಗುತ್ತಿತ್ತು. ಈಗ ರುಚಿ ಚೆನ್ನಾಗಿ ತಿಳಿಯುವುದೇ ಇಲ್ಲ, ತೆಳ್ಳಗಾಗಿವೆ. ಪುಟ್ಟ ಲೋಟ ಸಾಲದು. ಕಾಫಿ ಲೋಟ ತೆಗೆದುಕೊಂಡು ಹೋದೆ. ಕೆಲಸ ಅಂದಮೇಲೆ ಸರಿಯಾಗಿ ಮಾಡಬೇಕು.

ಜುಲೈ 5

ಅಕ್ಷರ ಗೆರೆ ಬಿಟ್ಟು ಓಡುತ್ತಿದೆ. ಪೆನ್ನು ಸರಿಯಿಲ್ಲ.

ಜುಲೈ 8

ಪಾತ್ರೆ ಸೀದು ಕರಕಲಾಯಿತು. ಮನೆ ತುಂಬ ಹೊಗೆ. ಮಗ ಬಳ್ಳಿಗೆ ಗಂಧಕದ ಪುಡಿ ಹಾಕುತ್ತಿದ್ದ, ಎಲೆಗೆ ಬೂದಿ ರೋಗ ಹತ್ತಿದೆ. ಅವನೇ ಓಡಿ ಬಂದು ಒಲೆ ಆರಿಸಿದ. "ಎಲ್ಲಿಗೆ ಹೋಗಿದ್ದೆ ಅಮ್ಮ? ಎಷ್ಟು ಕೂಗಿದೆ."

ಮೆಟ್ಟಿಲ ಕೆಳಗೆ ಇದ್ದೆ. ಹೇಳಲಿಲ್ಲ. "ನಿನ್ನ ಗಂಧಕದ ಘಾಟಿಗೆ ತಲೆ ತಿರುಗಿ ಮಲಗಿದ್ದೆ" ಅಂದೆ. ಅವನು ಗಂಧಕದ ಕೈ ಒರೆಸಿಕೊಂಡು ಹತ್ತಿರ ಬಂದ. ನನ್ನನ್ನೇ ನೋಡಿದ. ನೋಡುವುದೇನು? ತಾಯಿಯನ್ನು ಮೊದಲ ಸಲ ಕಂಡವನ ಹಾಗೆ.

ಜುಲೈ 26

ಎದುರುಮನೆಯ ದರ್ಜಿ ಹೆಂಗಸಿನ ಜೊತೆ ಬೀದಿಯಲ್ಲೇ ಜಗಳವಾಯಿತು. ನನ್ನ ರವಿಕೆ ಬಿಗಿಯಾಗಿ ಹೊಲಿದಿದ್ದೀಯ ಅಂದೆ. ರವಿಕೆ ಅಲ್ಲ, ನೀವು ಊದಿಕೊಂಡಿದ್ದೀರಿ ಅಂದಳು. ಸುಮ್ಮನೆ ಬಿಡುತ್ತೇನೆಯೇ? ಅವಳ ಅಜ್ಜನವರೆಗೂ ಹೋದೆ. ಮುದುಕ ಕೈ ಹಿಡಿದು ಒಳಗೆ ಎಳೆದುಕೊಂಡು ಬಂದ. ಅವಳ ಗಂಡ ಕಿಟಕಿಯಲ್ಲಿ ನಗುತ್ತಿದ್ದ. ನಾನೇನು ಸರ್ಕಸ್ಸೇ?

ಅವಳು ಹೊಲಿದದ್ದು ಸರಿಯಿತ್ತೇನೋ. ಗೊತ್ತಿಲ್ಲ.

ಆಗಸ್ಟ್ 15

ಹಣ್ಣು ಬಣ್ಣ ತಿರುಗಿದೆ. ಒಂದೇ ಗೊಂಚಲಲ್ಲಿ ಹಸಿರು, ಕೆಂಪು, ಕಪ್ಪು. ಹಕ್ಕಿ ಬಾರದಂತೆ ಮಗ ಬಲೆ ಕಟ್ಟಿದ. ಆರು ತಿಂಗಳಾಯಿತು ಅವನು ಬಂದು. ಒಂದು ತೊಟ್ಟು ಮುಟ್ಟಿಲ್ಲ, ನನಗೆ ಗೊತ್ತು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇನ್ನು ಕಾಯುವ ಅಗತ್ಯವಿಲ್ಲ ಅಂತ ಅನ್ನಿಸಿತು. ಕೀಲಿ ಮುದುಕನಿಗೆ ಕೊಟ್ಟುಬಿಡೋಣ ಅಂತ ಕೊರಳಿನಿಂದ ತೆಗೆದೆ. ಮತ್ತೆ ಹಾಕಿಕೊಂಡೆ. ಆರು ತಿಂಗಳು ಕಾದವಳು ಇನ್ನೊಂದು ತಿಂಗಳಿಗೆ ಸೋಲಬೇಕೇ?

ಸೆಪ್ಟೆಂಬರ್ 4

ಸೊಸೆ ಫೋನು. ಹದಿನಾಲ್ಕಕ್ಕೆ ಬರುತ್ತಾಳೆ, ಗುಬ್ಬಿಯನ್ನು ಕರೆದುಕೊಂಡು. ಮಗನ ಕೈಗೆ ಫೋನು ಕೊಟ್ಟೆ. ಏಳು ತಿಂಗಳಲ್ಲಿ ಮೊದಲ ಸಲ ಗಂಡ ಹೆಂಡತಿ ಮಾತಾಡಿದರು. ಅವನು ಆಡಿದ್ದು ಎರಡೇ ಮಾತು, "ಹೂಂ", "ಮಣೆ ಮಾಡಿಟ್ಟಿದ್ದೀನಿ ಅಂತ ಹೇಳು ಅವಳಿಗೆ". ಆಮೇಲೆ ಹಿತ್ತಲಿಗೆ ಹೋಗಿ ಬಳ್ಳಿಗೆ ಬೆನ್ನು ಕೊಟ್ಟು ನಿಂತ.

ಬಾಟಲಿಗೆ ತುಂಬಿಸುವುದು ಹನ್ನೊಂದಕ್ಕಂತೆ. ಹೊಸ ರಸಕ್ಕೆ ಭರಣಿ ಖಾಲಿಯಾಗಬೇಕಲ್ಲ. ಅದನ್ನು ನಾನು ಮರೆತೇಬಿಟ್ಟಿದ್ದೆ. ಹೇಗೆ ಮರೆತೆ?

ಸೆಪ್ಟೆಂಬರ್ 8

ಮುದುಕನಿಗೆ ಇವತ್ತು ಹೇಳಬೇಕು ಅಂತ ಎದ್ದೆ. "ರೀ, ಸ್ವಲ್ಪ ನೀರು ಹಾಕಿದ್ದೀನಿ" ಅಂತ. ಅಷ್ಟೇ ಮಾತು. ಮಧ್ಯಾಹ್ನ ಹೇಳೋಣ ಅಂದುಕೊಂಡೆ. ಸಂಜೆ ಹೇಳೋಣ ಅಂದುಕೊಂಡೆ. ಸಂಜೆ ಅವನು ಬಾಟಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದ, ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದ.

ಅವನ ನಾಲಿಗೆಗೂ ಎಪ್ಪತ್ತು ದಾಟಿದೆ. ಗೊತ್ತಾಗಲಿಕ್ಕಿಲ್ಲ.

ಸೆಪ್ಟೆಂಬರ್ 11

ಗೊತ್ತಾಯಿತು.

ಕೀಲಿ ತೆಗೆದುಕೊಟ್ಟೆ. ಮೊದಲ ಭರಣಿಗೆ ರಬ್ಬರ್ ಕೊಳವೆ ಇಳಿಸಿ ಒಂದು ಗುಟುಕು ಹೀರಿದ. ಕಣ್ಣು ಮುಚ್ಚಲಿಲ್ಲ. ಎರಡನೆಯದು, ಮೂರನೆಯದು. ಐದನೆಯದರ ಮೇಲೆ ಹಾಲಿನ ಕೆನೆಯಂಥ ಬಿಳಿ ಪದರ ಕಟ್ಟಿತ್ತು, ಮುಚ್ಚಳ ತೆಗೆದರೆ ವಿನೆಗರಿನ ಹುಳಿ ವಾಸನೆ. ಕೊಳವೆ ಕೆಳಗಿಟ್ಟು, "ಅವನನ್ನು ಕರಿ" ಅಂದ.

ಮಗ ಶೆಡ್ಡಿನಿಂದ ಆಗಷ್ಟೇ ಬಂದಿದ್ದ, ತಲೆಯಲ್ಲಿ ಮರದ ಪುಡಿ.

"ಎಷ್ಟು ದಿನದಿಂದ ನಡೀತಿದೆ ಇದು?"

"ಏನು ಅಪ್ಪ?"

"ಅರ್ಧ ನೀರು ಇದೆ ಕಣೋ! ನಾನು ನಿನಗೆ ಬಳ್ಳಿ ಸವರೋದು ಕಲಿಸಿದೆ. ನೀನು ನನ್ನ ಬೆನ್ನ ಹಿಂದೆ..."

"ನಾನು ಮುಟ್ಟಿಲ್ಲ. ಬೀಗ ಇದೆಯಲ್ಲ."

"ಬಡಗಿಗೆ ಬೀಗದ ಹಂಗೇನು?"

"ಕೀಲಿ ಅಮ್ಮನ ಹತ್ತಿರ ಇದೆ ಅಪ್ಪ" ಅಂದ ಮಗ.

ಇಬ್ಬರೂ ನನ್ನ ಕಡೆ ತಿರುಗಿದರು. ಮುದುಕ ನೋಡಿದ್ದು ಸಾಕ್ಷಿ ಕೇಳುವವನ ಹಾಗೆ. ಮಗ ನೋಡಿದ್ದು ಬೇರೆ ಥರ. ಜುಲೈಯಲ್ಲಿ ಪಾತ್ರೆ ಸೀದ ದಿನ ನೋಡಿದನಲ್ಲ, ಹಾಗೆ.

"ಇವತ್ತಿನವರೆಗೆ ಕೀಲಿ ಯಾರ ಕೈಗೂ ಕೊಟ್ಟಿಲ್ಲ" ಅಂದೆ.

ಅದು ನಿಜವೇ. ನಾನು ಸುಳ್ಳು ಹೇಳಲಿಲ್ಲ.

ಮಗ ತಲೆಯ ಮರದ ಪುಡಿ ಕೊಡವಿಕೊಂಡು ಹಿತ್ತಲಿಗೆ ಹೋದ. ಮುದುಕ ಆಗಲೇ ಸೊಸೆಗೆ ಫೋನು ಹಚ್ಚಿದ. "ಬರಬೇಡಮ್ಮ. ಮಗೂನ ಕರ್ಕೊಂಡು ಬರಬೇಡ. ನಮಗೆಲ್ಲ ಮೋಸ ಮಾಡಿದ" ಅಂದ. ಫೋನು ಇಟ್ಟು ಅತ್ತ. ಮದುವೆಯಾದಾಗಿನಿಂದ ಅವನು ಅತ್ತದ್ದು ನಾನು ನೋಡಿರಲಿಲ್ಲ.

ಸೆಪ್ಟೆಂಬರ್ 12

ಮಗ ಹೊರಟುಹೋದ. ಶೆಡ್ಡಿನ ಹಿಂದೆ ಕೆಲಸದವರು ಮಲಗುವ ಕೋಣೆಯಿದೆಯಂತೆ, ಮೇಸ್ತ್ರಿ ಜಾಗ ಕೊಟ್ಟಿದ್ದಾನೆ. ಚೀಲ ಕಟ್ಟಿಕೊಂಡು ಅಡುಗೆಮನೆಗೆ ಬಂದ. ಬಾಗಿಲು ಮರೆ ಮಾಡಿ ಮೆಲ್ಲಗೆ ಕೇಳಿದ.

"ದಿನಾ ಎಷ್ಟು ಅಮ್ಮ?"

"ಏನೋ ಎಷ್ಟು?"

"ಒಂದು ಲೋಟಾನಾ? ಎರಡಾ?"

ಕೆನ್ನೆಗೆ ಬಾರಿಸಿದೆ. ಮೂವತ್ತೆಂಟು ವರ್ಷದವನಿಗೆ. ಅಲುಗಲಿಲ್ಲ. "ನಿನಗೋಸ್ಕರ ಕಾದೆನಲ್ಲೋ ನಾನು! ರುಚಿ ನೋಡೋದು ಬೇರೆ, ಕುಡಿಯೋದು ಬೇರೆ!"

"ಹೂಂ" ಅಂದ. "ಆ ನರ್ಸು ಒಳ್ಳೆಯವಳು ಅಮ್ಮ. ಬೇಕು ಅನ್ನಿಸಿದಾಗ ಹೇಳು, ನಾನೇ ಕರ್ಕೊಂಡು ಹೋಗ್ತೀನಿ."

"ಅಪ್ಪನಿಗೆ ಹೇಳ್ತೀಯಾ?"

"ಹೇಳಲ್ಲ. ಹೇಳಿದರೂ ನನ್ನ ಮಾತು ಯಾರು ನಂಬುತ್ತಾರೆ?"

ಮಣೆ ಇಲ್ಲೇ ಬಿಟ್ಟು ಹೋದ.

ಸೆಪ್ಟೆಂಬರ್ 14

ಇವತ್ತೇ ಕೊಯ್ಲು. ಹಣ್ಣು ಯಾರಿಗೋಸ್ಕರವೂ ಕಾಯುವುದಿಲ್ಲ. ಇಬ್ಬರೇ ಕೊಯ್ದೆವು. ಬಿಸಿಲಿಗೆ ಕಣಜಗಳು ಬಂದು ಕೈಗೆಲ್ಲ ಕೂತವು. ಮೇಲಿನ ಗೊಂಚಲಿಗೆ ಮಣೆ ಹತ್ತಿದೆ. ಒಂದು ಚೂರೂ ಅಲುಗಾಡದ ಹಾಗೆ ಮಾಡಿದ್ದಾನೆ. ಅಲುಗಾಡಿದ್ದು ನಾನು. ಬಿದ್ದು ಮೊಣಕೈ ತರಚಿತು.

ಮುದುಕ ಎತ್ತಿ ಕೂರಿಸಿದ. "ನಿನಗೂ ಅವನ ಚಿಂತೆಯೇ" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 18

ಹಳೆಯದನ್ನೆಲ್ಲ ಮುದುಕ ಚರಂಡಿಗೆ ಸುರಿದ. ನಾನೇ ಫೆಬ್ರವರಿಯಲ್ಲಿ ಸುರೀರಿ ಅಂದಿದ್ದು. ಇವತ್ತು ನೋಡಲಾಗಲಿಲ್ಲ, ಒಳಗೆ ಬಂದೆ. ಮೂರನೆಯದರಿಂದ ಒಂದು ಬಾಟಲಿ ಮೊದಲೇ ತೆಗೆದಿಟ್ಟಿದ್ದೆ, ಬಟ್ಟೆ ಪೆಟ್ಟಿಗೆಯ ತಳದಲ್ಲಿ. ಕೆಮ್ಮಿಗೆ ಬೇಕಾಗುತ್ತದೆ.

ಸೆಪ್ಟೆಂಬರ್ 22

ಮೂರು ದಿನ ಏನೂ ಮುಟ್ಟಲಿಲ್ಲ. ನನಗೇನು, ನಿಲ್ಲಿಸಬೇಕು ಅಂದರೆ ನಿಲ್ಲಿಸುತ್ತೇನೆ.

ಜ್ವರ ಬಂದಿರಬೇಕು. ಕೈ ನಡುಗುತ್ತಿದೆ, ಮೈಯೆಲ್ಲ ಬೆವರು, ಊಟ ಸೇರುವುದಿಲ್ಲ. ಸೂಜಿಗೆ ದಾರ ಪೋಣಿಸಲು ಅರ್ಧ ಗಂಟೆ ಕೂತೆ. ಮುದುಕ ಜ್ವರ ನೋಡುವ ಕಡ್ಡಿ ಬಾಯಿಗಿಟ್ಟ. ಜ್ವರ ಇಲ್ಲ ಅಂದ. ಕಡ್ಡಿ ಕೆಟ್ಟಿದೆ.

ಸೆಪ್ಟೆಂಬರ್ 23

ಪೆಟ್ಟಿಗೆ ತೆಗೆದೆ. ಈಗ ಪರವಾಗಿಲ್ಲ.

ಸೆಪ್ಟೆಂಬರ್ 26

ಶೆಡ್ಡಿಗೆ ಹೋಗಿದ್ದೆ, ದೂರದಿಂದ ನೋಡಿ ಬರೋಣ ಅಂತ. ಕಿಟಕಿ ಚೌಕಟ್ಟಿಗೆ ಹತ್ತರಿ ಹೊಡೆಯುತ್ತಿದ್ದ. ಮರದ ಸಿಪ್ಪೆ ಉದ್ದಕ್ಕೆ ಒಂದೇ ಎಳೆ, ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಕುಡಿಯುವವನ ಕೈಯಲ್ಲಿ ಹಾಗೆ ಬರುವುದಿಲ್ಲ. ಹೋಗಬಹುದಿತ್ತು ಅವನು ಕುಡಿಯಲು. ಮಗಳನ್ನು ಕಳೆದುಕೊಂಡ, ಹೆಸರು ಕೆಟ್ಟಿತು, ಇನ್ನು ತಡೆಯುವುದೇನು? ಆದರೂ ಹೋಗಿಲ್ಲ.

ತಿರುಗಿ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಸೊಸೆಗೆ ಹೇಳಬೇಕು. ನೀರು ಬೆರೆಸಿದ್ದು ನಾನು ಅಂತ. ಅವನ ಮೇಲೆ ಆಪಾದನೆ ಬಾರದಿರಲಿ ಅಂತ ಬೆರೆಸಿದೆ, ತಾಯಿಯ ಕರುಳು, ಅವಳೂ ತಾಯಿ, ಅರ್ಥ ಮಾಡಿಕೊಳ್ಳುತ್ತಾಳೆ. ಅಷ್ಟು ಹೇಳಿದರೆ ಸಾಕು. ಉಳಿದದ್ದು ಯಾಕೆ?

ಸೆಪ್ಟೆಂಬರ್ 28

ಹೋಗಿ ಬಂದೆ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಒಗೆದ ಬಟ್ಟೆ ಉಟ್ಟೆ. ಮುದುಕನಿಗೆ ಹಲ್ಲಿನ ಡಾಕ್ಟರ ಹತ್ತಿರ ಅಂದೆ. ಬಸ್ಸಿನಲ್ಲಿ ಒಂದು ಗಂಟೆ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆದೆ, ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ. ಮನೆಯಿಂದ ಹೊರಡುವಾಗ ಎರಡೇ ಗುಟುಕು ಹಾಕಿಕೊಂಡಿದ್ದೆ. ಧೈರ್ಯಕ್ಕೆ. ಬಸ್ಸಿಳಿದ ಮೇಲೆ ಮತ್ತೆ ಎರಡು. ಬಾಟಲಿ ಚೀಲದಲ್ಲಿತ್ತು.

ಮೂರನೆಯ ಮಹಡಿ. ಮೆಟ್ಟಿಲು ಹತ್ತಿ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಬಾಗಿಲು ತೆರೆದವಳು ಸೊಸೆ. "ಅತ್ತೆ! ನೀವಾ? ಒಬ್ಬರೇ ಬಂದಿರಾ?" ಅಂತ ಚೀಲ ತೆಗೆದುಕೊಳ್ಳಲು ಕೈ ಚಾಚಿದಳು. ಅಷ್ಟರಲ್ಲಿ ಒಳಗಿನಿಂದ ಗುಬ್ಬಿ ಓಡಿ ಬಂತು. ಎಷ್ಟು ಎತ್ತರವಾಗಿದೆ ಮಗು. "ಅಜ್ಜೀ" ಅಂತ ಬಂದು ಬಿದ್ದಳು, ನಾನು ಹೊಸ್ತಿಲಲ್ಲೇ ಕೂತುಬಿಟ್ಟೆ. ಕೊರಳು ತಬ್ಬಿ, ಮುಖದ ಹತ್ತಿರ ಮುಖ ತಂದು ಮೂಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ನಕ್ಕು ಇನ್ನೂ ಬಿಗಿಯಾಗಿ ತಬ್ಬಿಕೊಂಡಳು.

"ಅಮ್ಮಾ, ಅಜ್ಜಿ ಹತ್ರ ಅಪ್ಪನ ವಾಸನೆ ಇದೆ!"

ಎಷ್ಟು ಖುಷಿ ಅದಕ್ಕೆ.

ಸೊಸೆ ಚೀಲ ಹಿಡಿದುಕೊಂಡೇ ನಿಂತಿದ್ದಳು. ಒಳಗೆ ಬಾಟಲಿ ಯಾವುದಕ್ಕೋ ತಾಗಿ ಸದ್ದಾಯಿತು. ಚೀಲ ಮೆಲ್ಲಗೆ ನೆಲಕ್ಕಿಟ್ಟಳು. ಬಗ್ಗಿ, ಗುಬ್ಬಿಯ ಕೈಗಳನ್ನು ನನ್ನ ಕೊರಳಿನಿಂದ ಒಂದೊಂದಾಗಿ ಬಿಡಿಸಿದಳು. ಮಗು ಬಿಡಲಿಲ್ಲ, ಎಳೆಯಬೇಕಾಯಿತು.

"ನೀನು ಒಳಗೆ ಹೋಗು."

"ಅಜ್ಜಿ ಈಗ ತಾನೇ..."

"ಹೋಗು ಅಂದೆ."

ಬಾಗಿಲು ಅರ್ಧ ಎಳೆದುಕೊಂಡು ಹೊರಗೆ ಬಂದು ನಿಂತಳು. "ಅತ್ತೆ, ಆ ಭರಣಿ... ಅವರಲ್ಲವಾ? ನೀವಾ?"

ಬಸ್ಸಿನಲ್ಲಿ ಉರು ಹೊಡೆದದ್ದರಲ್ಲಿ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ. ಇನ್ನೊಂದು ಸಲ ಕೇಳಿದಳು. ನಾನು ನನ್ನ ಚಪ್ಪಲಿ ನೋಡುತ್ತ ಕೂತಿದ್ದೆ. ಆಮೇಲೆ ಅವಳು ಕೇಳುವುದು ಬಿಟ್ಟಳು. ಅಲ್ಲೇ ನಿಂತು ಫೋನು ತೆಗೆದಳು. "ನಾನು" ಅಂದಳು. ಬಾಗಿಲನ್ನು ಇನ್ನಷ್ಟು ಎಳೆದುಕೊಂಡು, "ಯಾಕೆ ಹೇಳಲಿಲ್ಲ ನೀವು?" ಅಂದಳು. ಆ ಕಡೆಯಿಂದ ಮಗ ಏನೆಂದನೋ. ಇವಳು ಗೋಡೆಗೆ ಹಣೆ ಒತ್ತಿಕೊಂಡಳು. "ನಾಳೆ ಬನ್ನಿ. ಇಲ್ಲ, ಇವತ್ತೇ ಬನ್ನಿ. ಗುಬ್ಬಿ ಇದ್ದಾಳೆ."

ಫೋನು ಇಟ್ಟು ನನಗೆ ಒಂದು ಲೋಟ ನೀರು ತಂದುಕೊಟ್ಟಳು. ಹೊರಗೇ, ಮೆಟ್ಟಿಲ ಮೇಲೆ. ಕುಡಿದು ಮುಗಿಯುವವರೆಗೆ ಕಾದಳು.

"ಅತ್ತೆ, ಇನ್ನು ನೀವು ಇಲ್ಲಿಗೆ ಬರಬೇಡಿ. ಸರಿಹೋಗೋ ತನಕ ಬರಬೇಡಿ" ಅಂದಳು. ಗಟ್ಟಿಯಾಗಿ ಹೇಳಲಿಲ್ಲ. ಕಣ್ಣು ತುಂಬಿತ್ತು. ನೇರ ಹೆಂಗಸು ಅಂತ ಮೊದಲೇ ಬರೆದಿದ್ದೇನೆ.

ಬಾಗಿಲು ಮುಚ್ಚಿತು. ಎದ್ದು ಗೋಡೆ ಹಿಡಿದು ನಿಂತೆ. ಒಳಗೆ ನಲ್ಲಿ ಬಿಟ್ಟ ಸದ್ದು. ಗುಬ್ಬಿ ರಂಪ ಮಾಡುತ್ತಿತ್ತು, "ತೊಳೀಬೇಡ ಅಮ್ಮ, ತೊಳೀಬೇಡ" ಅಂತ.

ಹೋದ ಕೆಲಸ ಆಯಿತು. ಒಂದು ಮಾತೂ ಆಡಬೇಕಾಗಲಿಲ್ಲ.